ಅತ್ತೆ ತಿದ್ದಿದ ಹಾಡು

ಓರಗೆಯ ಗೆಳತಿಯನ್ನು ಮಣ್ಣು ಮಾಡಿ ಬಂದ ಅವೊಯೊ ಆ ಸಂಜೆ ಊಟಕ್ಕೆ ಕೂತವಳು ತುತ್ತು ಮುರಿಯಲೇ ಇಲ್ಲ. ಜೋಳದ ಹಿಟ್ಟಿನ ಅಕ್ಪ್ಲೆ ಮುದ್ದೆ ತಣ್ಣಗಾಗುತ್ತಿತ್ತು, ಬೆಂಡೆಕಾಯಿ ಸಾರು ಗಟ್ಟಿಯಾಗುತ್ತಿತ್ತು. ಪಾಪ, ದುಃಖವಿರಬೇಕು ಎಂದು ಸೊಸೆ ಲೆಬೆನೆ ಸುಮ್ಮನಿದ್ದಳು. ಮುದುಕಿಗೆ ಬಂದದ್ದು ದುಃಖವಲ್ಲ, ಸಿಟ್ಟು. ಗೆಳತಿಯ ಹೆಣದ ಮುಂದೆ ಹಾಡಿನ ಸಂಘದವರು ಹಾಡಿದ್ದು ಎರವಲು ಹಾಡು. ಯಾವನೋ ಬೆಸ್ತ ಕಡಲಿನಲ್ಲಿ ಮುಳುಗಿದಾಗ ಕಟ್ಟಿದ್ದಂತೆ; ಹೆಸರೊಂದನ್ನು ಬದಲಾಯಿಸಿ ಹಾಡಿ ಕೈತೊಳೆದುಕೊಂಡಿದ್ದರು. ಜನ್ಮದಲ್ಲಿ ದೋಣಿಗೆ ಕಾಲಿಡದೆ, ಈರುಳ್ಳಿ ಮಡಿಗಳಿಗೆ ನೀರು ಹೊತ್ತು ಬದುಕಿದ ಹೆಂಗಸನ್ನು ಅಲೆಯ ಬೆನ್ನೇರಿ ಹೋದವಳೆಂದು ಕರೆದು ಕಳಿಸಿದ್ದರು.

"ನನಗೂ ಹಾಗೇ ಮಾಡ್ತಾರೆ" ಎಂದಳು ಅವೊಯೊ. "ನಲವತ್ತು ವರ್ಷ ಆ ಸಂಘದಲ್ಲಿ ಮುಂದೆ ನಿಂತು ಹಾಡಿದೋಳು ನಾನು. ಊರಲ್ಲಿ ಸತ್ತೋರಿಗೆಲ್ಲ ಹಾಡಿದೀನಿ. ನನಗೆ ಮಾತ್ರ ಯಾರೋ ಉಟ್ಟು ಬಿಟ್ಟಿದ್ದನ್ನ ಉಡಿಸಿ ಕಳಿಸ್ತಾರೆ."

ಮಗ ಡೊಟ್ಸೆ, ಹಾಗೇನೂ ಆಗುವುದಿಲ್ಲ, ಮೊದಲು ಉಣ್ಣು ಎಂದ. ಅವನ ಮಾತು ಗಾಳಿಗೆ ಹೋಯಿತು. ಮುದುಕಿ ಸೊಸೆಯ ಕಡೆ ತಿರುಗಿದಳು.

"ನನ್ನ ಹಾಡು ನೀನು ಕಟ್ಟು. ನಾನು ಸತ್ತ ಮೇಲಲ್ಲ, ಈಗ. ಸತ್ತ ಮೇಲೆ ಕಟ್ಟಿದ್ರೆ ತಪ್ಪು ತಿದ್ದೋರು ಯಾರು?"

ಇಷ್ಟು ಹೇಳಿ ಮುದ್ದೆಗೆ ಕೈ ಹಾಕಿದಳು.

ಲೆಬೆನೆಗೆ ಆಗ ಐವತ್ತೊಂದು. ಅವಳನ್ನು ಹಾಡು ಕಟ್ಟುವವಳೆಂದು ಯಾರೂ ಕರೆದದ್ದಿಲ್ಲ, ಅವಳೂ ಹೇಳಿಕೊಂಡವಳಲ್ಲ. ಅಂಗಳದ ನಾಲ್ಕು ಹೊಗೆಯೊಲೆಗಳ ಮೇಲೆ ಮೀನಿನ ಜಾಲರಿಗಳನ್ನು ಮಗುಚುವಾಗ ಏನಾದರೂ ಗುನುಗಿಕೊಳ್ಳುತ್ತಿದ್ದಳು, ಅಷ್ಟೇ. ಒಂದು ವರ್ಷ ಈರುಳ್ಳಿ ಕಟ್ಟುವ ಹೆಂಗಸರಿಗೆ ಬೇಸರ ಬರದಿರಲೆಂದು ನಾಲ್ಕು ಸಾಲು ಕಟ್ಟಿಕೊಟ್ಟಿದ್ದಳು. ಅದನ್ನು ಅವರು ಈಗಲೂ ಹಾಡುತ್ತಾರೆ. ಕಟ್ಟಿದವರು ಯಾರೆಂಬುದನ್ನು ಮರೆತಿದ್ದಾರೆ. ಹಿತ್ತಲ ಗಿಡ ಮದ್ದಲ್ಲವಲ್ಲ. ಹೀಗಿರುವಾಗ ಊರಿಗೇ ಚುರುಕು ಕಿವಿಯ ಮುದುಕಿ ತನ್ನ ಚರಮಗೀತೆಯನ್ನು ತನಗೆ ಒಪ್ಪಿಸಿದಳೆಂದರೆ ಹೆದರಿಕೆಯಾಗುವುದು ಸಹಜ. ಹೆದರಿಕೆಯ ಅಡಿಯಲ್ಲಿ ಸಣ್ಣದೊಂದು ಜಂಬವೂ ಇತ್ತು, ಅದನ್ನು ಲೆಬೆನೆ ಯಾರಿಗೂ ತೋರಿಸಲಿಲ್ಲ.

ಸಂಘದ ಕಟ್ಟಳೆ ಬಿಗಿಯಾದದ್ದು. ಹೊಸ ಹಾಡನ್ನು ಮೊದಲು ಹಿರಿಯರು ಒಂದು ಅಂಗಳದಲ್ಲಿ ಸೇರಿ, ಡೋಲಿಲ್ಲದೆ, ಬರೀ ಗಂಟಲಿನಲ್ಲಿ ಕೇಳಬೇಕು. ಒಪ್ಪಿದರೆ ಅದು ಸಂಘದ ಹಾಡು. ಒಪ್ಪದಿದ್ದರೆ ಅದನ್ನು ಯಾವ ಹೆಣದ ಮುಂದೆಯೂ ಯಾರೂ ಎತ್ತುವುದಿಲ್ಲ. ಅಂಥ ಕೂಟಕ್ಕೆ ಇನ್ನು ಆರು ವಾರವಿತ್ತು. ಅದು ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಅವೊಯೊಗೆ ಎಂಬತ್ತನಾಲ್ಕು; ಮುಂದಿನ ವರ್ಷದ ಮಾತನ್ನು ಅವಳು ಆಡುತ್ತಿರಲಿಲ್ಲ.

ಒಂದು ವಾರ ಕಳೆದ ಮೇಲೆ, ಬೆಳಗಿನ ಜೋಳದ ಗಂಜಿ ಕುಡಿಯುವ ಹೊತ್ತಿನಲ್ಲಿ ಲೆಬೆನೆ ಹಾಡಿ ತೋರಿಸಿದಳು. ಹೊಲಿಗೆ ಕಲಿಯುತ್ತಿದ್ದ ಹತ್ತೊಂಬತ್ತರ ಮಗಳು ಡೆಲಾಲಿ ಫೋನು ಹಿಡಿದು ಧ್ವನಿ ಮುದ್ರಿಸಿಕೊಂಡಳು.

*ಅವೊಯೊ ತಾಯಿ, ಬಡವರ ಬಂಧು,*
*ನಿನ್ನ ಕೈ ಕೊಟ್ಟಿದ್ದೇ ಕೊಟ್ಟಿದ್ದು,*
*ನಿನ್ನ ಮಾತು ಜೇನು, ನಿನ್ನ ಮನಸು ಹಾಲು,*
*ಊರಿಗೆ ನೆರಳಾದ ಮರ ಬಿತ್ತಲ್ಲ.*

ಡೊಟ್ಸೆಯ ಕಣ್ಣು ತುಂಬಿತ್ತು. ಅವೊಯೊ ಬಟ್ಟಲನ್ನು ಕೆಳಗಿಟ್ಟಳು.

"ಯಾರಿವಳು ಅವೊಯೊ? ನಮ್ಮೂರೋಳಾ?"

ಡೆಲಾಲಿ ಫೋನನ್ನು ಮಡಿಲಿಗಿಳಿಸಿದಳು. ಮುದುಕಿ ಮುಂದುವರಿಸಿದಳು.

"ನನ್ನ ಮಾತು ಜೇನು ಅಂತ ಮೀನಿನ ದಡದಲ್ಲಿ ಹಾಡು ನೋಡೋಣ. ಹೆಣ ಎದ್ದು ಕೂರೋ ಹಾಗೆ ನಗ್ತಾರೆ. ಕೊಟ್ಟಿದ್ದೇ ಕೊಟ್ಟಿದ್ದಂತೆ. ಯಾರಿಗೆ ಕೊಟ್ಟೆ ನಾನು? ಇನ್ನು ಮರ. ಈ ಊರಿನ ಹಾಡುಗಳಲ್ಲಿ ಬಿದ್ದ ಮರಾನೆಲ್ಲ ಸೇರಿಸಿದ್ರೆ ಹತ್ತು ದೋಣಿ ಕೆತ್ತಬಹುದು."

ಸತ್ತ ಎಮ್ಮೆಗೆ ಹತ್ತು ಕೊಳಗ ಹಾಲು ಎನ್ನುತ್ತಾರಲ್ಲ, ಇಲ್ಲಿ ಎಮ್ಮೆ ಇನ್ನೂ ಸತ್ತಿರಲಿಲ್ಲ, ಪಕ್ಕದಲ್ಲೇ ಕೂತು ಗಂಜಿ ಕುಡಿಯುತ್ತಿತ್ತು. ಲೆಬೆನೆಗೆ ಅಳು ಬಂತು. ಮೀನಿನ ಬುಟ್ಟಿ ಎತ್ತಿಕೊಂಡು ಒಲೆಯ ಕಡೆ ಹೋದಳು, ತೆಂಗಿನ ಸಿಪ್ಪೆಯನ್ನು ಬೇಕಾದ್ದಕ್ಕಿಂತ ಹೆಚ್ಚು ತುರುಕಿದಳು, ಒಂದು ಜಾಲರಿ ಮೀನು ಕಪ್ಪಾಯಿತು. ಅದಕ್ಕೂ ಅತ್ತೆಯಿಂದ ಬೈಸಿಕೊಂಡಳು.

ಆದರೆ ಅವಳು ಬಿಡುವವಳಲ್ಲ. ಕೇಟಾ ಸಂತೆಗೆ ಹೋಗಿ ಬರುವ ಬಸ್ಸಿನಲ್ಲಿ, ಬೆಂಡೆಕಾಯಿ ಹೆಚ್ಚುವಾಗ, ಬಟ್ಟೆ ಒಗೆಯುವಾಗ ಹಳೆಯದನ್ನು ಬಿಚ್ಚಿ ಹೊಸದನ್ನು ಹೆಣೆದಳು. ಎರಡನೆಯ ಹಾಡಿನಲ್ಲಿ ಜೇನಿರಲಿಲ್ಲ, ಹಾಲಿರಲಿಲ್ಲ. ದಡದಲ್ಲಿ ಬೆಸ್ತರೊಡನೆ ಮೀನಿಗಾಗಿ ಜಗಳವಾಡುವ ಅವೊಯೊ ಇದ್ದಳು, ಹೊಗೆಗೆ ಕೆಂಪಾದ ಅವಳ ಕಣ್ಣಿತ್ತು, ಸಂಘದಲ್ಲಿ ತಪ್ಪು ಹಾಡಿದವರನ್ನು ಹಾಡಿನ ಮಧ್ಯೆಯೇ ಗದರುವ ಅವಳ ಗಂಟಲಿತ್ತು. ಹದಿನಾಲ್ಕು ಸಾಲು. ಈ ಸಲ ಅತ್ತೆ ಕಣ್ಣು ಮುಚ್ಚಿ ಕೇಳಿದಳು, ಇವಳು ನಾನೇ ಎಂದು ಒಪ್ಪಿಕೊಂಡಳು.

"ಆದರೆ ಇಡೀ ಮಡಕೆ ನೀನೊಬ್ಬಳೇ ಉಂಡಿದೀಯ" ಎಂದಳು. "ಬಂದೋರಿಗೆ ತುತ್ತೆಲ್ಲಿ? ಸಂಘದೋರು ಎಲ್ಲಿ ಬಾಯಿ ಹಾಕಬೇಕು? ಹಾಡು ಅಂದ್ರೆ ನೀನು ಅರ್ಧ ಹೇಳಿ ನಿಲ್ಲಿಸಬೇಕು. ಉಳಿದರ್ಧ ಜನ ಹೇಳದೆ ಇರೋಕೆ ಆಗಬಾರದು."

ಆಮೇಲೆ ಅತ್ತೆ ಸೊಸೆ ಕೂತು ಕತ್ತರಿಸತೊಡಗಿದರು. ಹದಿನಾಲ್ಕು ಒಂಬತ್ತಾಯಿತು, ಒಂಬತ್ತು ಆರಾಯಿತು. ಒಂದು ಜಾಲರಿ ಮಗುಚುವಷ್ಟು ಹೊತ್ತಿಗೆ ಒಂದು ಸಾಲು ಮುಗಿಯಬೇಕು, ಅದಕ್ಕಿಂತ ಉದ್ದವಾದರೆ ಎಪ್ಪತ್ತು ದಾಟಿದವರಿಗೆ ಉಸಿರು ಸಾಲುವುದಿಲ್ಲ ಎಂದು ಮುದುಕಿ ಅಳತೆ ಹಾಕಿಕೊಟ್ಟಳು. ಲೆಬೆನೆ ಬಗ್ಗಿ ಜಾಲರಿ ಎತ್ತುತ್ತ ಹಾಡುವಳು. ಅವೊಯೊ ಮುಕ್ಕಾಲಿಯ ಮೇಲೆ ಕೂತು ಬೇಡ ಎಂದು ಕೋಲಿನಿಂದ ನೆಲಕ್ಕೆ ಕುಟ್ಟುವಳು. ಮೂವತ್ತು ವರ್ಷದಲ್ಲಿ ಅವರಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತಿದ್ದಿಲ್ಲ.

ಮನೆಯವರೂ ಸುಮ್ಮನಿರಲಿಲ್ಲ. ತಾನು ಈರುಳ್ಳಿ ಮಡಿ ಮಾಡಿದ ಹೊಸದರಲ್ಲಿ ಅಮ್ಮ ನೀರು ಹೊತ್ತದ್ದು ಬರಲಿ ಎಂದು ಡೊಟ್ಸೆ ನಾಚಿಕೊಂಡು ಕೇಳಿದ. ಡೆಲಾಲಿ, ಇಷ್ಟು ನಿಧಾನವಾದರೆ ಈ ಕಾಲದವರು ಕೇಳುವುದಿಲ್ಲ ಎಂದಳು. ಸತ್ತವರು ಓಡುವುದಿಲ್ಲ ಮಗಳೇ ಎಂದು ಅಜ್ಜಿ ಉತ್ತರ ಕೊಟ್ಟಳು. ಶನಿವಾರ ಬಂದ ಪರ್ಪೆಚುವಾ ಮಾತ್ರ ಬಾಗಿಲಲ್ಲೇ ಕೂಗಾಡಿದಳು. ಡೊಟ್ಸೆಗಿಂತ ದೊಡ್ಡವಳಾದ ಈಕೆ ಒಳನಾಡಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಚರ್ಚಿನ ಹಾಡಿನ ತಂಡದ ಹಿರಿಯಳು. ಬದುಕಿರುವ ತಾಯಿಯನ್ನು ಮಣ್ಣಿಗೆ ಹಾಕುವ ಅಭ್ಯಾಸ ಮಾಡುತ್ತೀರಾ, ಊರವರು ಏನೆನ್ನುತ್ತಾರೆ ಎಂದು ಕೇಳಿದಳು. ಊಟದ ಹೊತ್ತಿಗೆ ಸ್ವಲ್ಪ ತಣ್ಣಗಾದಳು. ಕೈ ತೊಳೆಯುವ ಹೊತ್ತಿಗೆ, ಕಟ್ಟುವುದೇ ಆದರೆ ತಾಯಿ ಮೀನು ಸುಟ್ಟು ಮಗಳನ್ನು ಮುಖ್ಯೋಪಾಧ್ಯಾಯಿನಿ ಮಾಡಿದ್ದು ಒಂದು ಸಾಲಾದರೂ ಇರಲಿ ಎಂದಳು.

"ಅದು ನಿನ್ನ ಹಾಡು" ಎಂದಳು ಅವೊಯೊ. "ನೀನು ಸತ್ತಾಗ ಹಾಕಿಸ್ಕೋ."

ಹೀಗೆ ಮೂರು ವಾರ ಕಳೆಯಿತು. ಆರು ಸಾಲು ಗಟ್ಟಿಯಾಗಿದ್ದವು, ಆದರೂ ಮುದುಕಿಯ ಕೋಲು ನೆಲ ಕುಟ್ಟುತ್ತಲೇ ಇತ್ತು. ಏನು ಕಡಿಮೆಯಾಗಿದೆ ಎಂದು ಲೆಬೆನೆ ಕೊನೆಗೆ ಕೇಳಿಯೇಬಿಟ್ಟಳು. ಅವೊಯೊ ಕೋಲನ್ನು ಪಕ್ಕಕ್ಕಿಟ್ಟಳು.

"ಎಲ್ಲಾ ಇದೆ. ನೋವೊಂದಿಲ್ಲ. ನನಗೆ ಎಲ್ಲಿ ನೋಯ್ತದೆ ಅನ್ನೋದು ಈ ಮನೇಲಿ ನಿನಗಿಂತ ಯಾರಿಗೆ ಗೊತ್ತು?"

ಲೆಬೆನೆಗೆ ಗೊತ್ತಿತ್ತು. ಗೊತ್ತಿದ್ದೇ ಅತ್ತ ಕಡೆ ಹೋಗಿರಲಿಲ್ಲ.

ಅವಳು ಈ ಮನೆಗೆ ಮದುವೆಯಾಗಿ ಬಂದ ವರ್ಷವೇ ಅತ್ತೆ ಮಾವ ಮಾತು ಬಿಟ್ಟಿದ್ದರು. ಅವೊಯೊಳ ದುಡಿಮೆಯಲ್ಲಿ ಬಲೆ ಬಂತು, ದೋಣಿ ಬಂತು; ಮಾವ ದೋಣಿಯ ಬದಿಗೆ ಕೆಂಪು ಬಣ್ಣದಲ್ಲಿ ತನ್ನ ತಂಗಿಯ ಹೆಸರು ಬರೆಸಿದ. ಅವೊಯೊ ದಡದಲ್ಲಿ ನಿಂತು ಅದನ್ನು ಓದಿಸಿಕೊಂಡಳು, ಮನೆಗೆ ಬಂದಳು, ಬಾಯಿ ಮುಚ್ಚಿದಳು. ಮಾವನೂ ಹಟದಲ್ಲಿ ಕಡಿಮೆಯವನಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ಮನೆಯಲ್ಲಿ ಮಾತು ಬಲ್ಲವರು ಇಬ್ಬರಿದ್ದರು, ಒಬ್ಬರೂ ಆಡಲಿಲ್ಲ. ಒಂಬತ್ತು ವರ್ಷ. ಒಂದೇ ಮಡಕೆಯ ಅನ್ನ, ಒಂದೇ ಸೂರು, ನಡುವೆ ಇಪ್ಪತ್ತೊಂದರ ಹೊಸ ಸೊಸೆ ಅತ್ತಿಂದಿತ್ತ ಓಡಾಡಿಕೊಂಡು. ಸಾರಿಗೆ ಉಪ್ಪಿಲ್ಲ ಅಂತ ಹೇಳು ಅವಳಿಗೆ ಎಂದು ಮಾವ ಗುಡುಗಿದರೆ, ಅಂಗಳ ದಾಟುವುದರೊಳಗೆ ಲೆಬೆನೆ ಆ ಮಾತನ್ನು ತೊಳೆದು ಒರೆಸಿ, ಸಾರು ಚೆನ್ನಾಗಿದೆಯಂತೆ, ಒಂದು ಚಿಟಿಕೆ ಉಪ್ಪಿದ್ದರೆ ಇನ್ನೂ ಚೆನ್ನಂತೆ ಎಂದು ಒಪ್ಪಿಸುತ್ತಿದ್ದಳು. ನಾಲಿಗೆ ಸುಟ್ಟುಕೊಳ್ಳಲಿ ಎಂದು ಅತ್ತೆ ಅಂದರೆ, ಬಿಸಿಯಿದೆ ಜೋಪಾನವಂತೆ ಎಂದು ಇತ್ತ ಬರುತ್ತಿತ್ತು. ಹಾಗೆ ಮಾಡದಿದ್ದರೆ ಮನೆ ಎರಡಾಗುತ್ತಿತ್ತು. ಒಂಬತ್ತನೆಯ ವರ್ಷದ ಕೊನೆಗೆ ಮಾವ ಸತ್ತ.

ಈ ನೋವನ್ನು ಊರಿಗೆಲ್ಲ ಕೇಳುವಂತೆ ಹಾಡಬೇಕೆಂದು ಅತ್ತೆ ಕೇಳುತ್ತಿದ್ದಾಳೆಂದು ಲೆಬೆನೆಗೆ ತಿಳಿಯಿತು. ಎರಡು ದಿನ ಅವಳು ಗುನುಗಲಿಲ್ಲ. ಮೂರನೆಯ ದಿನ ಹಿನ್ನೀರಿನ ದಡದಲ್ಲಿ ಜಾಲರಿಗಳನ್ನು ಮರಳು ಹಾಕಿ ಉಜ್ಜುತ್ತಿದ್ದಾಗ ಹಾಡು ತಾನಾಗಿ ಬಂತು. ಒದ್ದೆ ಕೈಯಲ್ಲೇ ಮನೆಗೆ ಓಡಿದಳು. ಅತ್ತೆಯ ಮುಂದೆ ಕೂರಲೂ ಇಲ್ಲ, ನಿಂತೇ ಹಾಡಿದಳು.

*ಒಂದೇ ಮಡಕೆಯಲ್ಲಿ ಉಂಡೆವು ಒಂಬತ್ತು ಮಳೆಗಾಲ,*
*ನಾನಿತ್ತ ಮುಖ, ನೀನತ್ತ ಮುಖ.*
*ಈಗ ಬರುತ್ತಿದ್ದೇನೆ, ಚಾಪೆ ಹಾಸಿಡು,*
*ಮೊದಲು ಮಾತಾಡೋರು ಯಾರು?*

ಕೊನೆಯ ಸಾಲಿಗೆ ಬಂದಾಗ ಕೋಲು ನೆಲ ಕುಟ್ಟಲಿಲ್ಲ. ಹೊಲಿಗೆ ಯಂತ್ರದ ಮುಂದಿದ್ದ ಡೆಲಾಲಿ, ಯಾರೂ ಹೇಳದೆಯೇ, ಮೊದಲು ಮಾತಾಡೋರು ಯಾರು ಎಂದು ಎರಡನೆಯ ಸಲ ತಾನೂ ದನಿಗೂಡಿಸಿದಳು. ಲೆಬೆನೆಗೆ ಎದೆಯುಬ್ಬಿ ಬಂತು. ಇದು ತನ್ನದು, ಯಾರೂ ಹೇಳಿಕೊಟ್ಟದ್ದಲ್ಲ, ಇದು ಚೆನ್ನಾಗಿದೆ ಎಂದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಆ ರಾತ್ರಿ ಎರಡು ಮುದ್ದೆ ಉಂಡಳು.

ಜಗಳ ಶನಿವಾರಕ್ಕೆ ಕಾದಿತ್ತು. ಪರ್ಪೆಚುವಾ ಹಾಡನ್ನು ಕೇಳಿದಳು, ಕೈಯಲ್ಲಿದ್ದ ಹುರಿದ ಮೀನನ್ನು ತಟ್ಟೆಗೆ ಹಾಕಿದಳು.

"ನಮ್ಮಪ್ಪ ಅಮ್ಮ ಮಾತು ಬಿಟ್ಟಿದ್ದನ್ನ ಡೋಲು ಬಡಿದು ಸಾರ್ತೀಯಾ ಲೆಬೆನೆ? ನನ್ನ ಶಾಲೆಯೋರು ಬಂದಿರ್ತಾರೆ, ಪಾದ್ರಿಗಳು ಬಂದಿರ್ತಾರೆ. ಹೊರಗಿಂದ ಬಂದೋಳಿಗೆ ನಮ್ಮ ಮನೆ ಮಾನ ಏನು ಗೊತ್ತು?"

"ಅತ್ತಿಗೆ, ನಾನು ಹೊರಗಿಂದ ಬಂದು ಮೂವತ್ತು ವರ್ಷ ಆಯ್ತು" ಎಂದಳು ಲೆಬೆನೆ. "ಆ ಒಂಬತ್ತು ವರ್ಷ ನೀವು ಟೀಚರ್ ಟ್ರೈನಿಂಗ್ ಹಾಸ್ಟೆಲಲ್ಲಿದ್ರಿ, ಆಮೇಲೆ ಕೆಲಸದೂರಲ್ಲಿದ್ರಿ. ಅವರಿಬ್ಬರ ನಡುವೆ ಓಡಾಡಿದ ಕಾಲು ನನ್ನದು."

ಲೆಬೆನೆ ಅತ್ತಿಗೆಗೆ ಎದುರಾಡಿದ್ದು ಅದೇ ಮೊದಲು. ಡೊಟ್ಸೆ ತಟ್ಟೆ ಹಿಡಿದುಕೊಂಡು ಹೊರಗೆ ಹೋದ. ಇಬ್ಬರು ಹೆಂಗಸರ ಜಗಳದಲ್ಲಿ ಬುದ್ಧಿವಂತ ಗಂಡಸು ಮಾಡುವುದೇ ಅದು. ಈ ಹಾಡು ಹಾಡುವುದಾದರೆ ತಾನು ಆ ಕೂಟಕ್ಕೆ ಬರುವುದಿಲ್ಲವೆಂದು ಪರ್ಪೆಚುವಾ ಚೀಲ ಎತ್ತಿಕೊಂಡಳು. ಅವೊಯೊ ಮಗಳನ್ನು ತಡೆಯಲಿಲ್ಲ. ಬಸ್ಸಿಗೆ ಹೊತ್ತಾಯಿತು, ಹೊಗೆಮೀನು ಕಟ್ಟಿಕೊಡು ಅವಳಿಗೆ ಎಂದಳು. ಪರ್ಪೆಚುವಾ ಮೀನಿನ ಕಟ್ಟು ತೆಗೆದುಕೊಂಡೇ ಹೋದಳು.

ನಿಜವಾದ ತೊಂದರೆ ಬಂದದ್ದು ಅಲ್ಲಿಂದಲ್ಲ. ಕೂಟಕ್ಕೆ ಎಂಟು ದಿನವಿರುವಾಗ ಅವೊಯೊ, ಇನ್ನೊಂದು ಸಾಲು ಸೇರಬೇಕು ಎಂದಳು.

"ಕೊನೆಗೆ ನಿನ್ನ ಮಾವನೇ ಕರೆದನಲ್ಲ. ಹೇಳಿ ಕಳಿಸಿದ್ದು ನಿನ್ನ ಕೈಲೇ. ಅದಿಲ್ಲದೆ ಹೋದ್ರೆ ಅವನಿಗೆ ಅನ್ಯಾಯ ಆಗ್ತದೆ. ಕೊನೆಗೆ ನೀನೇ ಕರೆದೆ, ಬಂದು ಕೂರು ಅಂದೆ. ಹೀಗೆ ಹಾಕು."

ಲೆಬೆನೆ ಹೂಂ ಎಂದಳು. ಒಳಗೆ ಹೋಗಿ ನೀರು ಕುಡಿದಳು, ಮತ್ತೆ ಕುಡಿದಳು.

ಮಾವ ಜಗಲಿಯ ಚಾಪೆಯ ಮೇಲೆ ಮಲಗಿ ಕೆಮ್ಮುತ್ತಿದ್ದ ಆ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನೆನಪಿತ್ತು. ಅತ್ತೆ ಒಲೆಗಳ ಹತ್ತಿರವಿದ್ದಳು. ಮಾವ ಲೆಬೆನೆಯನ್ನು ಕರೆದು ಹೇಳಿದ್ದು ಇಷ್ಟೇ: ಹೊಗೆ ಈ ಕಡೆ ಬರ್ತಿದೆ, ಒಲೆ ಮುಚ್ಚು ಅಂತ ಹೇಳು ಅವಳಿಗೆ. ಲೆಬೆನೆ ಅಂಗಳ ದಾಟಿದಳು. ಆ ಮನುಷ್ಯ ಇನ್ನು ಬಹಳ ದಿನ ಇರುವುದಿಲ್ಲವೆಂದು ಅವಳಿಗೆ ಕಾಣುತ್ತಿತ್ತು. ಹತ್ತಿರ ಬಂದು ಕೂತ್ಕೊಳ್ಳಿ ಅಂತಾರೆ ಎಂದಳು. ಅವೊಯೊ ಕೈ ಒರೆಸಿಕೊಂಡು ಹೋದಳು, ಚಾಪೆಯ ಪಕ್ಕ ಕೂತಳು. ನಾಲ್ಕು ದಿನ ಅಲ್ಲಿಂದ ಏಳಲಿಲ್ಲ. ಬೀಸಣಿಗೆ ಬೀಸಿದಳು, ಗಂಜಿ ಕುಡಿಸಿದಳು, ಆದರೆ ಮಾತಾಡಲಿಲ್ಲ. ಅವನೂ ಆಡಲಿಲ್ಲ. ನಾಲ್ಕನೆಯ ದಿನ ಅವನು ಹೋದ.

ಈಗ ಸುಳ್ಳೊಂದನ್ನೂ ಉಳಿಸದೆ ಹೆಕ್ಕಿ ತೆಗೆದ ಅದೇ ಮುದುಕಿ ಹಾಡಿನ ಎದೆಯೊಳಗೆ ಇರಿಸುತ್ತಿದ್ದುದು ಲೆಬೆನೆ ಹೆಣೆದ ಸುಳ್ಳನ್ನು.

ಅವಳು ಗಂಡನ ಹತ್ತಿರ ಹೇಳಿಕೊಂಡಳು. ಈರುಳ್ಳಿ ಮಡಿಗೆ ನೀರು ಹಾಕುತ್ತಿದ್ದ ಡೊಟ್ಸೆ ಬಿಂದಿಗೆ ಇಳಿಸಿ, ಇದರಿಂದ ಯಾರಿಗೇನು ನಷ್ಟ ಎಂದ. ಅಮ್ಮ ಇಪ್ಪತ್ತೊಂದು ವರ್ಷ ಆ ಮಾತಿನ ಮೇಲೆ ತಲೆಯಿಟ್ಟು ಮಲಗಿದ್ದಾಳೆ, ಈಗ ಎಳೆದುಕೊಳ್ಳುತ್ತೀಯಾ ಎಂದ.

"ಅಪ್ಪ ಎದ್ದು ಬಂದು ಸಾಕ್ಷಿ ಹೇಳ್ತಾನಾ?"

"ಅವರು ಬರಲ್ಲ. ಇವರು ಹೋಗ್ತಾರಲ್ಲ" ಎಂದಳು ಲೆಬೆನೆ. "ಹೋಗಿ ಕೇಳೇ ಕೇಳ್ತಾರೆ."

ಡೊಟ್ಸೆ ಬಿಂದಿಗೆ ಎತ್ತಿಕೊಂಡ. ಎಂಟು ದಿನವೂ ಲೆಬೆನೆ ಆ ಸಾಲನ್ನು ಅತ್ತೆ ಹೇಳಿದಂತೆಯೇ ಹಾಡಿದಳು. ಹಾಡಿದಾಗಲೆಲ್ಲ ಅವೊಯೊಳ ಮುಖ ಮೃದುವಾಗುತ್ತಿತ್ತು. ಅದನ್ನು ನೋಡಲಾರದೆ ಲೆಬೆನೆ ಒಲೆಯ ಕಡೆ ತಿರುಗಿ ಹಾಡುವುದನ್ನು ರೂಢಿ ಮಾಡಿಕೊಂಡಳು.

ಭಾನುವಾರ ಮಧ್ಯಾಹ್ನ ಸಂಘದ ಹಿರಿಯರು ಅವೊಯೊಳ ಅಂಗಳಕ್ಕೇ ಬಂದರು, ಇಪ್ಪತ್ತು ಇಪ್ಪತ್ತೈದು ಮಂದಿ. ಅವರಿಗೆಂದು ಲೆಬೆನೆ ಮತ್ತು ಡೆಲಾಲಿ ಬೆಳಗಿನಿಂದ ಎರಡು ದೊಡ್ಡ ಮಡಕೆ ಸಾರು ಮಾಡಿದ್ದರು. ಸೊಲ್ಲೆತ್ತುವವನು ಜೊಕೊಟೊ, ಎಪ್ಪತ್ತರ ಮುದುಕ, ಹಿಂದೆ ಊರೂರಿಗೆ ಟಪಾಲು ಹಂಚಿದವನು. ಪರ್ಪೆಚುವಾ ಬರುವುದಿಲ್ಲವೆಂದು ಹೋಗಿದ್ದವಳು ಎಲ್ಲರಿಗಿಂತ ಮೊದಲೇ ಬಂದು, ಬಾಗಿಲ ಪಕ್ಕ ಮುಖ ಊದಿಸಿಕೊಂಡು ಕೂತಿದ್ದಳು. ಅವೊಯೊ ನೀಲಿ ಬಟ್ಟೆ ಉಟ್ಟು ನಡುವೆ ಕುರ್ಚಿಯ ಮೇಲಿದ್ದಳು. ತನ್ನ ಚರಮಗೀತೆಗೆ ತಾನೇ ಮುಖ್ಯ ಅತಿಥಿ.

ಜೊಕೊಟೊ ನೆಲಕ್ಕೆ ಸಾರಾಯಿ ಸುರಿದು ತೀರಿಹೋದ ಹಿರಿಯರನ್ನು ನೆನೆದ. ಲೆಬೆನೆ ಹಿಂದಿನ ವಾರವೇ ಅವನಿಗೆ ಹಾಡು ಕಲಿಸಿದ್ದಳು. ಕಟ್ಟಿದವರು ಕೂಟದಲ್ಲಿ ತಾವು ಹಾಡುವಂತಿಲ್ಲ, ಬೇರೆ ಬಾಯಿಂದ ಕೇಳಬೇಕು. ಅವನು ಒಂದು ಸಲ ಪೂರ್ತಿ ಹಾಡಿದ. ಮೊದಲು ಮಾತಾಡೋರು ಯಾರು ಎಂದು ಅವನು ನಿಲ್ಲಿಸಿದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಅಬ್ಬ ಎಂದು ತನಗೆ ತಾನೇ ಅಂದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಲೆಬೆನೆಗೆ ನಿಂತಲ್ಲೇ ಹಿತವಾಯಿತು.

ಆಮೇಲೆ ಜೊಕೊಟೊ ಕಟ್ಟಳೆಯ ಪ್ರಶ್ನೆ ಕೇಳಿದ. "ಈ ಹಾಡಲ್ಲಿ ಸುಳ್ಳಿದ್ರೆ ಈಗ ಹೇಳಿ. ಸಂಘ ಸುಳ್ಳು ಹೊತ್ಕೊಂಡು ಸತ್ತೋರ ಮುಂದೆ ನಿಲ್ಲಲ್ಲ."

ಈ ಪ್ರಶ್ನೆಗೆ ಯಾರೂ ಉತ್ತರ ಕೊಡುವ ವಾಡಿಕೆಯಿಲ್ಲ. ಅವನು ಆಗಲೇ ಎರಡನೆಯ ಸಲಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಒಂದಿದೆ" ಎಂದಳು ಲೆಬೆನೆ.

ಅಂಗಳದಲ್ಲಿ ಅಷ್ಟೂ ತಲೆ ಅವಳ ಕಡೆ ತಿರುಗಿತು. ಡೊಟ್ಸೆ ಬೇಡವೆಂದು ಕಣ್ಣಿನಲ್ಲಿ ಹೇಳುತ್ತಿದ್ದ. ಅವಳು ಅವನನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ಜೊಕೊಟೊನ ಕೈಯಲ್ಲಿದ್ದ ಸಾರಾಯಿ ಲೋಟ ನೋಡುತ್ತ ಎಲ್ಲವನ್ನೂ ಹೇಳಿದಳು. ಮಾವ ಕರೆಯಲಿಲ್ಲ. ಹೊಗೆ ಬರುತ್ತಿದೆ, ಒಲೆ ಮುಚ್ಚು ಎಂದ, ಅಷ್ಟೇ. ಬಂದು ಕೂರು ಎಂದದ್ದು ನಾನು. ಹಾಡು ಬೀಳುವುದಾದರೆ ಬೀಳಲಿ, ಅತ್ತೆ ಅಲ್ಲಿಗೆ ಹೋಗಿ ತಲೆತಗ್ಗಿಸುವುದು ಬೇಡ.

ಪರ್ಪೆಚುವಾ ಎದ್ದು ನಿಂತಳು. ನಮ್ಮಮ್ಮನಿಗೆ ಇಪ್ಪತ್ತೊಂದು ವರ್ಷ ಸುಳ್ಳು ಹೇಳಿದೆಯಾ ಎಂದು ಕೇಳುವಾಗ ಅವಳ ಮುಖ ಕೆಂಪಾಗಿತ್ತು.

"ಕೂತ್ಕೋ ಪರ್ಪೆಚುವಾ" ಎಂದಳು ಅವೊಯೊ. "ನಿಮ್ಮಪ್ಪನ ಬಾಯಲ್ಲಿ ಎರಡು ಒಳ್ಳೆ ಮಾತು ಒಟ್ಟಿಗೆ ಬಂದಿದ್ದನ್ನ ನೀನು ಯಾವಾಗಾದ್ರೂ ಕೇಳಿದೀಯಾ?"

ಪರ್ಪೆಚುವಾ ಬಾಯಿ ತೆರೆದಳು, ಯೋಚಿಸಿದಳು, ಕೂತಳು. ಹಿಂದೆ ಯಾರೋ ಮುದುಕರು ಕಿಸಕ್ಕೆಂದರು.

"ಆವತ್ತೇ ಗೊತ್ತಿತ್ತು ನನಗೆ" ಎಂದಳು ಅವೊಯೊ, ಸೊಸೆಗಲ್ಲ, ಇಡೀ ಅಂಗಳಕ್ಕೆ. "ಬರೀ ಆವತ್ತಲ್ಲ, ಒಂಬತ್ತು ವರ್ಷಾನೂ ಗೊತ್ತಿತ್ತು. ಸಾರು ಚೆನ್ನಾಗಿದೆಯಂತೆ ಅಂತಾಳೆ. ಅವನು ಹಾಗಂದಿದ್ರೆ ಆಕಾಶ ಬೀಳ್ತಿತ್ತು. ಅವನ ಬಿರುಸು ಮಾತನ್ನ ಇವಳು ಅಂಗಳ ದಾಟೋದ್ರೊಳಗೆ ನಯ ಮಾಡಿ ತರ್ತಿದ್ಲು. ನಾನು ಒಲೆ ಮುಂದೆ ಕೂತು ಈವತ್ತೇನು ಕಟ್ಕೊಂಡು ಬರ್ತಾಳೆ ಅಂತ ಕಾಯ್ತಿದ್ದೆ. ಊರಲ್ಲಿ ಇಷ್ಟು ಜನ ಹಾಡುಗಾರರನ್ನ ಬಿಟ್ಟು ಇವಳಿಗೇ ಯಾಕೆ ಹೇಳಿದೆ ಅನ್ಕೊಂಡ್ರಿ?"

ಲೆಬೆನೆ ಪಕ್ಕದ ಕಂಬ ಹಿಡಿದಳು.

"ಹಾಗಾದ್ರೆ ಆ ಸಾಲು ಯಾಕೆ ಹಾಕಿಸ್ದೆ?" ಎಂದ ಜೊಕೊಟೊ. "ಸುಳ್ಳು ಅಂತ ಗೊತ್ತಿದ್ದೂ?"

ಮುದುಕಿ ಬಟ್ಟೆಯ ಅಂಚನ್ನು ಮೊಣಕಾಲ ಮೇಲೆ ಎಳೆದುಕೊಂಡಳು.

"ಹೋಗೋಕೆ ನನಗೊಂದು ನೆಪ ಬೇಕಿತ್ತು. ಇವಳು ಕೊಟ್ಲು. ಅದನ್ನ ಇಷ್ಟು ವರ್ಷ ಇಟ್ಕೊಂಡಿದ್ದೆ, ಬಿಡೋಕೆ ಮನಸಾಗಲಿಲ್ಲ."

ಸುಳ್ಳಿರುವ ಹಾಡನ್ನು ತೆಗೆದುಕೊಳ್ಳುವಂತಿಲ್ಲ, ಆ ಸಾಲು ಕಿತ್ತರೆ ನಡುವೆ ತೂತು ಬೀಳುತ್ತದೆ ಎಂದು ಜೊಕೊಟೊ ತಲೆ ಕೆರೆದುಕೊಂಡ. ಏನು ಮಾಡೋಣ ಎಂದು ಅವೊಯೊಳನ್ನೇ ಕೇಳಿದ. ನಲವತ್ತು ವರ್ಷ ಅವನು ಕೇಳುತ್ತ ಬಂದದ್ದು ಅವಳನ್ನೇ.

"ನನ್ನನ್ನೇನು ಕೇಳ್ತೀಯ" ಎಂದಳು ಅವೊಯೊ. "ಕಟ್ಟಿದೋಳು ಅಲ್ಲಿ ನಿಂತಿದಾಳೆ. ಹಾಡು ಅವಳದು."

ಎಲ್ಲರೂ ಮತ್ತೆ ಲೆಬೆನೆಯ ಕಡೆ ನೋಡಿದರು. ಅವಳು ಕಂಬದಿಂದ ಕೈ ತೆಗೆದಳು. ಈಗ ಅಳತೆಗೆ ಜಾಲರಿಯಿರಲಿಲ್ಲ, ನೆಲ ಕುಟ್ಟುವ ಕೋಲಿರಲಿಲ್ಲ. ಎರಡು ಸಲ ತುಟಿಯಲ್ಲೇ ಅಂದುಕೊಂಡು ನೋಡಿದಳು, ಒಂದು ಪದ ಬಿಟ್ಟಳು, ಆಮೇಲೆ ಜೊಕೊಟೊನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿಕೊಟ್ಟಳು. ಅವನು ಹುಬ್ಬು ಮೇಲೇರಿಸಿ ಅವಳನ್ನೊಮ್ಮೆ ನೋಡಿದ, ಸೊಲ್ಲೆತ್ತಿದ.

*ಒಂದೇ ಮಡಕೆಯಲ್ಲಿ ಉಂಡೆವು ಒಂಬತ್ತು ಮಳೆಗಾಲ,*
*ನಾನಿತ್ತ ಮುಖ, ನೀನತ್ತ ಮುಖ.*
*ಕರೆಯಲಿಲ್ಲ ನೀನು, ಕರೆ ತಂದಳು ಸೊಸೆ,*
*ನಿನ್ನ ಮಾತಲ್ಲವೆಂದು ತಿಳಿದೇ ಬಂದು ಕೂತೆ.*
*ಈಗ ಬರುತ್ತಿದ್ದೇನೆ, ಚಾಪೆ ಹಾಸಿಡು,*

ಅವನು ನಿಲ್ಲಿಸಿದ. ನಿಲ್ಲಿಸಿದ್ದೇ ತಡ, ಅಷ್ಟೂ ಮಂದಿ ಒಂದೇ ಉಸಿರಿನಲ್ಲಿ ಮೊದಲು ಮಾತಾಡೋರು ಯಾರು ಎಂದರು. ಯಾರಿಗೂ ಕಲಿಸಬೇಕಾಗಲಿಲ್ಲ. ಎರಡನೆಯ ಸಲಕ್ಕೆ ಬಾಗಿಲ ಪಕ್ಕದಿಂದ ಚರ್ಚಿನ ಹಾಡುಗಳಿಗೆ ಪಳಗಿದ ಗಟ್ಟಿ ದನಿಯೊಂದು ಸೇರಿತು. ಪರ್ಪೆಚುವಾ ಕಣ್ಣೊರೆಸಿಕೊಳ್ಳುತ್ತಲೇ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು. ಡೊಟ್ಸೆ ತನ್ನ ಹೆಂಡತಿಯನ್ನು ಇವತ್ತೇ ಮೊದಲು ಕಂಡವನಂತೆ ನೋಡುತ್ತಿದ್ದ. ಮೂರನೆಯ ಸಲ ಮುಗಿದಾಗ ಜೊಕೊಟೊ ಬಲಗೈ ಎತ್ತಿ, ಸಂಘ ಈ ಹಾಡನ್ನು ತೆಗೆದುಕೊಂಡಿದೆ ಎಂದು ಸಾರಿದ. ಕಟ್ಟಿದವಳು ಲೆಬೆನೆ ಎಂದು ಹೆಸರು ಹಿಡಿದು ಹೇಳಿದ. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದರು. ಈ ಸಲ ಅವಳು ಜಂಬವನ್ನು ಬಚ್ಚಿಡಲು ಹೋಗಲಿಲ್ಲ, ತಲೆಯೆತ್ತಿಕೊಂಡೇ ನಿಂತಳು.

ಆದರೂ ಮೂವತ್ತು ವರ್ಷದ ಅಭ್ಯಾಸ ಹೋಗುತ್ತದೆಯೇ. ಅಷ್ಟು ಜನರ ನಡುವೆಯೂ ಅವಳ ಕಣ್ಣು ಅತ್ತೆಯ ಕಡೆ ಹೋಯಿತು. ಯಾವ ಸಾಲು ಉದ್ದವಾಯಿತೆನ್ನುತ್ತಾಳೋ, ಎಲ್ಲಿ ತಪ್ಪು ಹಿಡಿಯುತ್ತಾಳೋ ಎಂದು ಕಾದಳು.

ಅವೊಯೊ ಕುರ್ಚಿಯಲ್ಲಿ ಹಿಂದಕ್ಕೊರಗಿದಳು, ಕಣ್ಣು ಮುಚ್ಚಿದಳು.

"ಇನ್ನೊಂದ್ಸಲ ಹಾಡಿ" ಎಂದಳು.